ಅಜ್ಜನ ಜೋಡುನಳಿಗೆ ಕೋವಿ: ಯಾವ ಕಂಪನಿಯದ್ದು, ಎಷ್ಟು ಬೆಲೆ ಬಾಳುತ್ತದೆ?

ಮಲೆನಾಡ_ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಕಡೆ. ಅಜ್ಜ ತೀರಿಕೊಂಡ ಮೇಲೆ ಅವರ ಕೋವಿಯನ್ನು ಲೈಸೆನ್ಸ್ ಇರುವ ಡೀಲರ್ ಹತ್ತಿರ ಡೆಪಾಸಿಟ್ ಇಟ್ಟಿದ್ದೇವೆ. ಈಗ ಅಪ್ಪನ ಹೆಸರಿಗೆ ಮಾಡಿಸೋದಾ, ಮಾರೋದಾ ಅಂತ ಮನೆಯಲ್ಲಿ ಮಾತು ನಡೆಯುತ್ತಿದೆ. 12 ಬೋರ್, ಜೋಡುನಳಿಗೆ, ಹೊರಗೆ ಕಾಣುವ ಎರಡು ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯಂಥ ಭಾಗ). ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಡಬ್ಲ್ಯೂ. ರಿಚರ್ಡ್ಸ್’ ಅಂತ ಕೆತ್ತಿದೆ. ನಳಿಗೆ ತುಂಬಾ ಹಾವಿನ ಪೊರೆಯ ಥರ ಸುರುಳಿ ಗೆರೆಗಳಿವೆ. ದೊಡ್ಡಪ್ಪ ಇದು ಇಂಗ್ಲೆಂಡಿನ ವೆಸ್ಟ್ಲಿ ರಿಚರ್ಡ್ಸ್, ಲಕ್ಷಗಟ್ಟಲೆ ಬಾಳುತ್ತದೆ ಅಂತಾರೆ. ಪಕ್ಕದ ತೋಟದವರು ಗುಜರಿ ಬೆಲೆಯೂ ಸಿಗಲ್ಲ ಅಂದರು. ಯಾರ ಮಾತು ಸರಿ? ಈಗಿನ ತೋಟಾ ಹಾಕಿ ಹೊಡೆಯಬಹುದಾ?

ಹಳೇ_ಕೋವಿ_ಪ್ರೇಮಿ:
ಪಟ್ಟಿ ಮೇಲಿನ ಹೆಸರನ್ನು ಸದ್ಯಕ್ಕೆ ಬದಿಗಿಡಿ. ಅದು ತಯಾರಿಸಿದವರ ಹೆಸರೇ ಆಗಿರಬೇಕು ಅಂತೇನಿಲ್ಲ. ಕಲ್ಕತ್ತಾದ ರೊಡ್ಡಾ, ಮ್ಯಾಂಟನ್ ಅಂಗಡಿಗಳು ಬೇರೆಯವರ ಕೈಲಿ ಮಾಡಿಸಿದ ಕೋವಿಗಳನ್ನೂ ತಮ್ಮ ಹೆಸರಲ್ಲಿ ಮಾರುತ್ತಿದ್ದವು. ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಲ್ಜಿಯಂನ ಲಿಯೇಜ್‌ನಲ್ಲಿ ಕೆಲವರು ದೊಡ್ಡ ಇಂಗ್ಲಿಷ್ ಕಂಪನಿಗಳ ಹೆಸರಿಗೆ ಹತ್ತಿರದ ಹೆಸರು ಕೆತ್ತಿ ಅಗ್ಗದ ಕೋವಿಗಳನ್ನು ಪ್ರಪಂಚಕ್ಕೆಲ್ಲ ಕಳಿಸಿದರು, ಅದರಲ್ಲಿ ‘ಡಬ್ಲ್ಯೂ. ರಿಚರ್ಡ್ಸ್’ ತುಂಬಾ ಸಾಮಾನ್ಯ. ಲಿವರ್‌ಪೂಲ್‌ನಲ್ಲಿ ನಿಜವಾಗಿಯೂ ಆ ಹೆಸರಿನ ಕೋವಿ ಮಾಡುವವರು ಇದ್ದರು, ಆದ್ದರಿಂದ ಈಗಲೇ ತೀರ್ಮಾನ ಬೇಡ. ಡೀಲರ್‌ಗೆ ಹೇಳಿ ಮುಂಗೈ ಹಿಡಿಯುವ ಮರ ತೆಗೆಸಿ, ನಳಿಗೆ ಕಳಚಿಸಿ. ತೋಟಾ ಕೂರುವ ಜಾಗದ ಅಡಿಯಲ್ಲಿ ಚಪ್ಪಟೆ ಭಾಗ ಇರುತ್ತದೆ. ಅಲ್ಲಿರುವ ಪ್ರತಿಯೊಂದು ಸಣ್ಣ ಗುರುತನ್ನೂ ಬರೆದು ಹಾಕಿ.

ಮಲೆನಾಡ_ಮೊಮ್ಮಗ:
ನೋಡಿಕೊಂಡು ಬಂದೆ. ಮೊಟ್ಟೆಯಾಕಾರದ ಗೆರೆಯೊಳಗೆ ಇ ಎಲ್ ಜಿ, ಅದರ ಕೆಳಗೆ ನಕ್ಷತ್ರ, ಮೇಲೊಂದು ಕಿರೀಟ. ವಜ್ರಾಕಾರದೊಳಗೆ 12 ಮತ್ತು ಸಿ. ಇನ್ನೊಂದು ಕಡೆ 18.4. ಬೇರೇನೂ ಕಾಣಲಿಲ್ಲ.

ಹಳೇ_ಕೋವಿ_ಪ್ರೇಮಿ:
ಹಾಗಾದರೆ ವಿಷಯ ಸ್ಪಷ್ಟ. ಇ ಎಲ್ ಜಿ ಅಂದರೆ ಲಿಯೇಜ್‌ನ ಪರೀಕ್ಷಾ ಮುದ್ರೆ, ನಳಿಗೆ ಒತ್ತಡ ತಡೆಯುತ್ತದಾ ಅಂತ ನೋಡಿ ಒತ್ತುವಂಥದ್ದು. ಅದರ ಮೇಲೆ ಕಿರೀಟ ಬಂದಿದ್ದು 1893ರಿಂದ. 1922ರಿಂದ ಅವರು ವರ್ಷ ಸೂಚಿಸುವ ಒಂದು ಅಕ್ಷರವನ್ನೂ ಒತ್ತುತ್ತಿದ್ದರು, ನಿಮ್ಮದರಲ್ಲಿ ಅದಿಲ್ಲ. ಅಂದರೆ ಆ ಎರಡರ ನಡುವಿನ ಕೋವಿ. 18.4 ಅಂದರೆ ನಳಿಗೆಯ ಒಳ ಅಳತೆ, ಮಿಲಿಮೀಟರ್‌ನಲ್ಲಿ. ವೆಸ್ಟ್ಲಿ ರಿಚರ್ಡ್ಸ್ ಅಂತೂ ಅಲ್ಲ.

ಸುರುಳಿ ಗೆರೆಗಳಿಗೆ ಡಮಾಸ್ಕಸ್ ಅಂತಾರೆ. ಕಬ್ಬಿಣದ ಮತ್ತು ಉಕ್ಕಿನ ಸರಳುಗಳನ್ನು ಒಟ್ಟಿಗೆ ತಿರುಚಿ, ಕಾಯಿಸಿ, ಒಂದು ಕೋಲಿಗೆ ಸುತ್ತಿ ಬಡಿದು ಬೆಸೆದ ನಳಿಗೆ ಅದು. ಒಳ್ಳೊಳ್ಳೆ ಇಂಗ್ಲಿಷ್ ಕೋವಿಗಳಿಗೂ ಬೆಲ್ಜಿಯಂನಿಂದಲೇ ಇಂಥ ನಳಿಗೆ ಹೋಗುತ್ತಿತ್ತು. ಅಗ್ಗದ ಕೋವಿ ಅಂದ ಮಾತ್ರಕ್ಕೆ ಆ ಕೈಕೆಲಸ ಕೀಳಲ್ಲ, ಇದನ್ನು ನಿಮ್ಮ ಪಕ್ಕದ ತೋಟದವರಿಗೂ ಹೇಳಿ.

ಆದರೆ ದಯವಿಟ್ಟು ಹೊಡೆಯಬೇಡಿ. ಈಗಿನ ತೋಟಾಗಳಲ್ಲಿರುವ ಹೊಗೆ ಬಾರದ ಮದ್ದಿಗೆ ಪರೀಕ್ಷೆ ಆಗಿದ್ದರೆ ಪಿ ವಿ ಅನ್ನೋ ಮುದ್ರೆ ಇರಬೇಕಿತ್ತು, ಇಲ್ಲ. ಇದು ಹಳೇ ಕಾಲದ ಕರಿಮದ್ದಿನ ಕೋವಿ. ಇನ್ನೊಂದು ಅಪಾಯ ಕಣ್ಣಿಗೇ ಬೀಳಲ್ಲ. ಈಗಿನ ತೋಟಾ ಸಾಮಾನ್ಯವಾಗಿ 70 ಮಿ.ಮೀ., ಹಳೇ ಕೋವಿಗಳ ತೋಟಾ ಮನೆ ಎಷ್ಟೋ ಸಲ 65 ಮಿ.ಮೀ. ಹೊಸ ತೋಟಾದ ತುದಿ ಒಳಕ್ಕೆ ಮಡಚಿರುವುದರಿಂದ ಅದು ಸಲೀಸಾಗಿ ಕೂರುತ್ತದೆ, ಆದರೆ ಹಾರುವಾಗ ಆ ಮಡಿಕೆ ಬಿಚ್ಚಿಕೊಂಡು ದಾರಿ ಇರುಕಾಗಿ ಒತ್ತಡ ಏರುತ್ತದೆ. ತೋಟಾ ಕೂತಿತು ಅನ್ನೋದು ಯಾವ ಭರವಸೆಯೂ ಅಲ್ಲ.

ಕುಶಾಲನಗರ_ಕಾಫಿ:
ಅಷ್ಟು ಹಳೇದಾದರೆ ಲೈಸೆನ್ಸೇ ಬೇಡ ಅಲ್ವಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿದ್ದಾರೆ.

ಕಾಯ್ದೆ_ಕಾನೂನು:
ಇಲ್ಲ, ಎರಡು ವಿಷಯ ಬೆರೆಸಬೇಡಿ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿಶೇಷ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಅವರೂ ವಿನಾಯಿತಿ ಪತ್ರ ಇಟ್ಟುಕೊಂಡಿರಬೇಕು. ಸಕಲೇಶಪುರದವರಿಗೆ ಅದು ಅನ್ವಯಿಸಲ್ಲ. ಹಳೇದು ಅನ್ನೋ ಒಂದೇ ಕಾರಣಕ್ಕೂ ಬಿಡುವುದಿಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಪ್ರಕಾರ ರಿಪೇರಿ ಮಾಡಿದರೂ ಹಾರದಂಥದ್ದಾಗಿರಬೇಕು. ನೀವು ಡೆಪಾಸಿಟ್ ಮಾಡಿದ್ದು ಸರಿಯಾಯಿತು. ರಸೀದಿ ಜೋಪಾನ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಅದಕ್ಕೇ ದೊಡ್ಡಪ್ಪನ ಜೊತೆ ಮೊದಲು ಮಾತಾಡಿ. 2019ರ ತಿದ್ದುಪಡಿ ನಂತರ ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಇರುವಂತಿಲ್ಲ. ನಿಮ್ಮ ಅಪ್ಪನ ಹತ್ತಿರ ಬೇರೆ ಕೋವಿ ಇದ್ದರೆ ಲೆಕ್ಕ ಹಾಕಿಕೊಳ್ಳಿ.

ಮಲೆನಾಡ_ಮೊಮ್ಮಗ:
ತುಂಬಾ ಉಪಕಾರ ಆಯಿತು. ಅಪ್ಪನ ಹತ್ತಿರ ಬೇರೆ ಕೋವಿ ಇಲ್ಲ. ಹಾಗಾದರೆ ಬೆಲೆ? ಆಯುಧ ಪೂಜೆಯ ಕುಂಕುಮ ಅಂಟಿದ ಕಡೆ ತುಕ್ಕು ಹಿಡಿದಿದೆ, ಹುಣಸೆಹಣ್ಣಿನಲ್ಲಿ ಉಜ್ಜಿ ಚೊಕ್ಕ ಮಾಡಿಸಿದರೆ ಜಾಸ್ತಿ ಸಿಗುತ್ತದಾ?

ಹಳೇ_ಕೋವಿ_ಪ್ರೇಮಿ:
ಅಯ್ಯೋ, ಹುಣಸೆಹಣ್ಣು ಮುಟ್ಟಿಸಲೇಬೇಡಿ! ಹುಳಿ ತಾಗಿದರೆ ಆ ಗೆರೆಗಳ ಮೇಲಿನ ಕಂದು ಬಣ್ಣ ಎದ್ದು ಹೋಗುತ್ತದೆ, ಅದು ಹೋದರೆ ಇರುವ ಬೆಲೆಯೂ ಹೋಯಿತು. ಮರಳು ಕಾಗದವೂ ಬೇಡ. ಮೆತ್ತಗಿನ ಬಟ್ಟೆಯಲ್ಲಿ ತೆಳ್ಳಗೆ ಕೋವಿ ಎಣ್ಣೆ ಹಚ್ಚಿಸಿ, ಸಾಕು.

ಬೆಲೆ ವಿಷಯ ನೇರವಾಗಿ ಹೇಳುತ್ತೇನೆ. 1980ರ ದಶಕದಲ್ಲಿ ಆಮದು ನಿಂತ ಮೇಲೆ ಇಲ್ಲಿ ಒಳ್ಳೆ ಇಂಗ್ಲಿಷ್ ಕೋವಿಗಳಿಗೆ ಬೇಡಿಕೆ ಏರಿತು, ಆದರೆ ಹೊಡೆಯಲಾಗದ ಬೆಲ್ಜಿಯಂ ಕೋವಿಗೆ ಆ ಬೆಲೆ ಬರಲ್ಲ. ಕೊಳ್ಳುವವರಿಗೂ ಲೈಸೆನ್ಸ್ ಬೇಕು, ಇರುವ ಎರಡರಲ್ಲಿ ಒಂದು ಜಾಗವನ್ನು ಇದಕ್ಕೆ ಕೊಡುವವರು ಕಡಿಮೆ. ಒಂದು ಪರೀಕ್ಷೆ ಮಾತ್ರ ಮಾಡಿಸಿ: ಕಳಚಿದ ನಳಿಗೆಯನ್ನು ಕೊಂಡಿಯಿಂದ ತೂಗುಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಲಿ. ಠಣ್ ಅಂತ ಉದ್ದಕ್ಕೆ ಕೇಳಿದರೆ ಬೆಸುಗೆ ಗಟ್ಟಿ, ಬೊದ್ದು ಸದ್ದು ಬಂದರೆ ಪಟ್ಟಿ ಬಿಟ್ಟಿದೆ. ಒಳಗೆ ಬೆಳಕಿಗೆ ಹಿಡಿದು ತುಕ್ಕಿನ ಗುಂಡಿಗಳೆಷ್ಟಿವೆ ನೋಡಲಿ. ನನ್ನನ್ನು ಕೇಳಿದರೆ ಮಾರಬೇಡಿ, ಅಪ್ಪನ ಹೆಸರಿಗೇ ಮಾಡಿಸಿ.