ಸಾಲದ ಮಾಹಿತಿಯನ್ನು ಒಂದೇ ಮಾದರಿಗೆ ತಂದವರು ಅನುಭವ ಹೇಳುವಿರಾ?

ಹೊಸ ಗುಮಾಸ್ತ: ನಮ್ಮದು ಒಂಬತ್ತು ಶಾಖೆಗಳ ಪಟ್ಟಣ ಸಹಕಾರ ಬ್ಯಾಂಕು. ಒತ್ತಡ ಪರೀಕ್ಷೆಗಾಗಿ (ಕೆಟ್ಟ ಕಾಲ ಬಂದರೆ ಬ್ಯಾಂಕು ತಡೆದುಕೊಂಡೀತೇ ಎಂದು ನೋಡುವ ಲೆಕ್ಕ) ಎಲ್ಲ ಶಾಖೆಗಳ ಸಾಲದ ವಿವರ ಒಂದೇ ನಮೂನೆಯಲ್ಲಿ ಬೇಕಂತೆ. ತಂತ್ರಾಂಶ ಕೊಳ್ಳುವುದೋ, ನಾವೇ ಕೂತು ಸರಿಪಡಿಸುವುದೋ?

ಹಳೇ ಲೆಡ್ಜರ್: ಕೊಳ್ಳಬೇಡಿ. ನಾವು 11 ಲಕ್ಷ ಕೊಟ್ಟೆವು. ಅದರ ಮೇಲೆ ಜಿಎಸ್‌ಟಿ 1.98 ಲಕ್ಷ, ವರ್ಷವರ್ಷದ ನಿರ್ವಹಣೆ ಬೇರೆ. ಬಂದ ಹುಡುಗರು ಮೂರು ತಿಂಗಳು ನಮ್ಮ ಖರ್ಚಿನಲ್ಲಿ ಉಂಡು, ‘ಮಾಹಿತಿ ಶುದ್ಧ ಮಾಡಿಕೊಡುವುದು ನಿಮ್ಮ ಹೊಣೆ’ ಎಂದು ಹೊರಟರು. ಒಂದು ಶಾಖೆಯವರು ಮೊತ್ತವನ್ನು ರೂಪಾಯಿಯಲ್ಲಿ ಬರೆದಿದ್ದರು, ಇನ್ನೊಂದು ಶಾಖೆಯವರು ಲಕ್ಷದಲ್ಲಿ. ಅಕ್ಕಿ ಗಿರಣಿಯ 45 ಲಕ್ಷದ ಸಾಲ ಯಂತ್ರದ ಕಣ್ಣಿಗೆ 45 ರೂಪಾಯಿ! ಆ ಲೆಕ್ಕದಲ್ಲಿ ಪರೀಕ್ಷೆ ನಡೆಸಿದರೆ ಯಾವ ಬ್ಯಾಂಕು ತಾನೇ ಮುಳುಗೀತು?

ತುಂಗಾತೀರ: ಕೈಯಿಂದಲೇ ಮಾಡಿದವಳು ನಾನು. 6,214 ಖಾತೆ, ಏಳು ತಿಂಗಳು. ದಸರೆಯೂ ಇಲ್ಲ, ದೀಪಾವಳಿಯೂ ಇಲ್ಲ. ಅಡಿಕೆ ವ್ಯಾಪಾರಿಯೊಬ್ಬರಿಗೆ ಮೂರು ಶಾಖೆಗಳಲ್ಲಿ ಮೂರು ಸಾಲ: ಸ್ವಂತ ಹೆಸರಿನಲ್ಲಿ ಒಂದು, ಮಂಡಿಯ ಹೆಸರಿನಲ್ಲಿ ಒಂದು, ಹೆಂಡತಿಯ ಪಾಲುದಾರಿಕೆ ಸಂಸ್ಥೆಗೆ ಇನ್ನೊಂದು. ಮೊದಲೆರಡನ್ನು ಪ್ಯಾನ್ ಹಿಡಿದು ಹೊಂದಿಸಿದೆ. ಸಂಸ್ಥೆಯ ಪ್ಯಾನ್ ಬೇರೆ. ಅದು ಸಿಕ್ಕಿಬಿದ್ದದ್ದು ಅಡಮಾನ ಪತ್ರದ ಸರ್ವೆ ನಂಬರಿನಿಂದ. ಮೂರನ್ನೂ ಕೂಡಿಸಿದರೆ ಒಂದೇ ಗುಂಪಿಗೆ ಕೊಡಬಹುದಾದ ಮಿತಿಗೆ, ಅಂದರೆ ಪ್ರಥಮ ಶ್ರೇಣಿ ಬಂಡವಾಳದ (ಮುಖ್ಯವಾಗಿ ಷೇರು ಹಣ, ಮೀಸಲು ನಿಧಿ ಸೇರಿದ ಬ್ಯಾಂಕಿನ ಸ್ವಂತ ಹಣ) 25%ಕ್ಕೆ, ಕೂದಲೆಳೆಯಷ್ಟೇ ಕಡಿಮೆ. ಅಡಿಕೆ ಬೆಲೆ ಕುಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದಕ್ಕೆ ಆಮೇಲಷ್ಟೇ ಅರ್ಥ ಬಂತು. ಒಂದು ಲೋಟ ಕಾಫಿಯನ್ನೂ ಯಾರೂ ಕೊಡಿಸಲಿಲ್ಲ, ಅದಿರಲಿ.

ಮಹಾನಗರ: ಪ್ರತಿ ಸಂಸ್ಥೆಯನ್ನೂ ಜಗತ್ತಿನಲ್ಲಿ ಎಲ್ಲೇ ಆದರೂ ಗುರುತಿಸುವ 20 ಅಕ್ಷರಗಳ ಎಲ್‌ಇಐ ಸಂಕೇತ ಇರುವಾಗ ಸರ್ವೆ ನಂಬರು ಹುಡುಕಿದಿರಾ? 2008ರಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕು ಬಿದ್ದಾಗ ಯಾರು ಯಾರಿಗೆ ಎಷ್ಟು ಕೊಡಬೇಕೆಂದು ತಿಳಿಯದೆ ಪರದಾಡಿದ ಮೇಲೆಯೇ ಅದು ಬಂದದ್ದು.

ತುಂಗಾತೀರ: ಸ್ವಾಮಿ, ರಿಸರ್ವ್ ಬ್ಯಾಂಕು ಅದನ್ನು ಕೇಳುವುದು 5 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವಿರುವ ಸಂಸ್ಥೆಗಳಿಗೆ, ವ್ಯಕ್ತಿಗಳಿಗಲ್ಲ. ನಮ್ಮಲ್ಲಿ ಅಂಥವು ನಾಲ್ಕು. ಉಳಿದ ಆರು ಸಾವಿರ ಖಾತೆಗಳಿಗೆ ನೀವೇ ಬಂದು ನಾಮಕರಣ ಮಾಡುತ್ತೀರಾ?

ಮಹಾನಗರ: ಸಿಟ್ಟೇಕೆ? ಏಳು ತಿಂಗಳು ಹಾಳಾದದ್ದು ನಿಮ್ಮದು.

ಹಳೇ ಲೆಡ್ಜರ್: ನಾಮಕರಣ ಎಂದಾಗ ನೆನಪಾಯಿತು. ನಮ್ಮ ಹಳೆಯ ಕಡತಗಳೆಲ್ಲ ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿದ್ದವು. ಪರಿವರ್ತಿಸಿದಾಗ ಅರ್ಕಾವತ್ತು ಜಾಗ ತಪ್ಪಿ ಧರ್ಮಪ್ಪ ‘ಧಮರ್ಪ್ಪ’ ಆದರು. ಒಬ್ಬರೇ ಇಬ್ಬರಾದರು, ಸಾಲವೂ ಎರಡು ಕಡೆ ಹಂಚಿಹೋಯಿತು.

ಮಹಾನಗರ: ಅದು ಪರಿವರ್ತಕದ ತಪ್ಪಲ್ಲ, ಬಳಸಿದವರದು.

ಹಳೇ ಲೆಡ್ಜರ್: ಬಳಸಿದವನು ನಾನೇ. ಇಪ್ಪತ್ತೆರಡು ವರ್ಷದಿಂದ ಕನ್ನಡ ಬೆರಳಚ್ಚು ಮಾಡುತ್ತಿದ್ದೇನೆ, ಅರ್ಕಾವತ್ತನ್ನು ನೀವು ನನಗೆ ಕಲಿಸಬೇಡಿ.

ಹೊಸ ಗುಮಾಸ್ತ: ಹಾಗಾದರೆ ತಂತ್ರಾಂಶ ಕೊಳ್ಳಬೇಕೋ ಬೇಡವೋ?

ಹಳೇ ಲೆಡ್ಜರ್: ನಿಮ್ಮ ಕಡತ ಯಾವ ಫಾಂಟಿನಲ್ಲಿದೆ, ಮೊದಲು ಅದನ್ನು ಹೇಳಿ.