ಸಹಾಯ ಬೇಕು: ನದಿ ದಂಡೆಯ ಹಾದಿಯಲ್ಲಿ ಬೇರು ಎಬ್ಬಿಸಿದ ಉಬ್ಬುಗಳು

ಎಲ್ಲರಿಗೂ ನಮಸ್ಕಾರ. ನಡೆಯುವವರೂ ಸೈಕಲ್ ಸವಾರರೂ ಒಟ್ಟಿಗೆ ಬಳಸುವ, 3 ಮೀಟರ್ ಅಗಲದ ಡಾಂಬರು ಹಾದಿ ಇದು. ಮರದ ಬೇರುಗಳು ಡಾಂಬರಿನ ಅಡಿಗೆ ನುಗ್ಗಿ ಅಡ್ಡಡ್ಡ ಉಬ್ಬು ಎದ್ದಿವೆ, ಕೆಲವೆಡೆ ಉದ್ದಕ್ಕೆ ಬಿರುಕು ಬಿಟ್ಟಿದೆ. ಉಬ್ಬು ಕಂಡರೆ ನಿಧಾನಿಸಬಹುದು. ಉದ್ದದ ಬಿರುಕಿಗೆ ಸಪೂರ ಟೈರು ಇಳಿದರೆ ಮಾತ್ರ ಹ್ಯಾಂಡಲ್ ತಿರುಗುವುದಿಲ್ಲ, ಸವಾರ ಬಿದ್ದೇಬಿಡುತ್ತಾನೆ. ಹಾಗಾಗಿ ಮೊದಲು ಬಿರುಕು ಮುಚ್ಚಿಸುತ್ತೇವೆ.

ಉಬ್ಬಿನದೇ ದೊಡ್ಡ ತಲೆನೋವು. ಕೆತ್ತಿ ಮೇಲೊಂದು ಪದರ ಹಾಕಿದರೆ ಬೇರು ದಪ್ಪವಾದಂತೆ ಮತ್ತೆ ಏಳುತ್ತದೆ. ಡಾಂಬರಿನ ಅಡಿ ತೇವ ಬೇಗ ಆರದು, ಜಲ್ಲಿಯ ಸಂದಿನಲ್ಲಿ ಗಾಳಿಯೂ ಇರುತ್ತದೆ. ಬೇರು ಅಲ್ಲಿಗೇ ಬರುತ್ತದೆ. ಬುಡದ ಹತ್ತಿರದ ದಪ್ಪ ಬೇರು ಕಡಿಯುವುದಂತೂ ಬೇಡ. ಗಾಳಿಗೆ ಮರ ಉರುಳಬಹುದು, ದಂಡೆಯ ಮಣ್ಣನ್ನು ಹಿಡಿದಿರುವುದೂ ಅದೇ ಬೇರು.

ಯೋಚನೆ ಹೀಗಿದೆ: ಹಳೆ ಡಾಂಬರು ಕಿತ್ತು, ಬೇರು ಉಳಿಸಿ, ಜಲ್ಲಿ ಹಾಸಿ ಹಾದಿಯನ್ನೇ ತುಸು ಎತ್ತರಿಸುವುದು. ಎರಡೂ ತುದಿಯ ಇಳಿಜಾರು 1:20 (20 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಮೀರಬಾರದು, ಅಡ್ಡ ಓರೆ, ಅಂದರೆ ಹಾದಿ ಒಂದು ಬದಿಗೆ ವಾಲುವುದು, 2%ಕ್ಕಿಂತ ಹೆಚ್ಚಾಗಬಾರದು; ಗಾಲಿಕುರ್ಚಿಯವರಿಗೂ ಅನುಕೂಲವಾಗಬೇಕಲ್ಲ. ಎಳೆ ಮರಗಳ ಪಕ್ಕ 60 ಸೆಂ.ಮೀ. ಆಳಕ್ಕೆ ಬೇರು ತಡೆಯುವ ಪ್ಲಾಸ್ಟಿಕ್ ಹಾಳೆ.

ಇಂಥ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ. ನೆರೆ ಬಂದಾಗ ಎತ್ತರಿಸಿದ ಜಲ್ಲಿಯ ಅಂಚು ಕೊಚ್ಚಿಹೋಗದಂತೆ ಏನು ಮಾಡಿದಿರಿ? ಹಾಳೆಯ ಅಡಿಯಿಂದ ಬೇರು ನುಸುಳಿದ್ದುಂಟೇ? ಈ ಕೆಲಸ ಆಗುವವರೆಗೆ, ಕಣ್ಣಿಗೆ ಬೀಳಲೆಂದು ಉಬ್ಬುಗಳಿಗೆ ಬಿಳಿ ಬಣ್ಣ ಬಳಿಯಬೇಕೆಂದಿದ್ದೇವೆ. ಮಳೆಯಲ್ಲಿ ಬಣ್ಣ ಜಾರುತ್ತದೆ, ಮರಳು ಬೆರೆಸಿದವರಿದ್ದರೆ ಪ್ರಮಾಣ ಎಷ್ಟು ಹೇಳಿ.