ವಿದೇಶಿ ಫೆಲೋಶಿಪ್‌ಗೆ ಒಂದು ವರ್ಷ: ವ್ಯಾಸಂಗ ರಜೆಯೋ, ಅಸಾಧಾರಣ ರಜೆಯೋ?

ಪ್ರಶ್ನೆ (ಸಹಾಯಕ ಪ್ರಾಧ್ಯಾಪಕಿ, ಮೈಸೂರು)

ಮಾನ್ಯರೇ, ನಾನು ಮೈಸೂರಿನ ವಿಶ್ವವಿದ್ಯಾಲಯವೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಕಾಯಂ ಬೋಧಕಿ. ಸೇವೆಗೆ ಸೇರಿ ನಾಲ್ಕು ವರ್ಷಗಳಾಗಿದ್ದು, ಪರೀಕ್ಷಾರ್ಥ ಅವಧಿ ತೃಪ್ತಿಕರವೆಂಬ ಆದೇಶವೂ ಸೇವಾ ವಹಿಯಲ್ಲಿ ದಾಖಲಾಗಿದೆ. ಕಬ್ಬಿನ ಕೆಂಪು ಕೊಳೆ ರೋಗದ ಕುರಿತ ನನ್ನ ಸಂಶೋಧನೆಯನ್ನು ಮುಂದುವರಿಸಲು ಜರ್ಮನಿಯ ಪ್ರಯೋಗಾಲಯವೊಂದರಿಂದ ಒಂದು ವರ್ಷದ ಫೆಲೋಶಿಪ್ ದೊರೆತಿದೆ. ವ್ಯಾಸಂಗ ರಜೆಯ ಕಡತ ನಿಧಾನವಾಗಿ ಸಾಗುತ್ತದೆ, ವೇತನರಹಿತ ಅಸಾಧಾರಣ ರಜೆಗೆ ಬರೆದುಕೊಟ್ಟು ಹೊರಡಿ ಎಂದು ಹಿತೈಷಿಗಳು ಹೇಳುತ್ತಿದ್ದಾರೆ. ಹಾಗೆ ಮಾಡಿದರೆ ವಾರ್ಷಿಕ ವೇತನ ಬಡ್ತಿ ತಪ್ಪುತ್ತದೆಯೇ? ಮಂಜೂರಾತಿ ತಡವಾದರೆ ಗಳಿಕೆ ರಜೆಯ ಮೇಲೆ ಹೊರಟು, ಆದೇಶವನ್ನು ಅಲ್ಲಿಂದಲೇ ಪಡೆಯಬಹುದೇ?

ಉತ್ತರ 1 (ವಿಶ್ವವಿದ್ಯಾಲಯದ ಆಡಳಿತ ವಿಭಾಗದ ನಿವೃತ್ತ ಅಧೀಕ್ಷಕ)

ಮೇಡಂ, ಕಡತಕ್ಕೆ ಹಿಡಿಯುವ ಸಮಯವನ್ನು ನೋಡಿ ರಜೆಯ ಬಗೆಯನ್ನು ಆರಿಸಬೇಡಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯ ಪ್ರಕಾರ, ಕನಿಷ್ಠ ಮೂರು ವರ್ಷ ನಿರಂತರ ಸೇವೆ ಸಲ್ಲಿಸಿದ ಸಹಾಯಕ ಪ್ರಾಧ್ಯಾಪಕರು, ವಿಶ್ವವಿದ್ಯಾಲಯದಲ್ಲಿ ತಾವು ಮಾಡುತ್ತಿರುವ ಕೆಲಸಕ್ಕೆ ನೇರ ಸಂಬಂಧವಿರುವ ಅಧ್ಯಯನ ಅಥವಾ ಸಂಶೋಧನೆಗಾಗಿ ವ್ಯಾಸಂಗ ರಜೆ ಕೇಳಬಹುದು; ನೀವು ಹೇಳಿದ ವಿಷಯ ಆ ಷರತ್ತಿಗೆ ಹೊಂದುತ್ತದೆ. ಅವಧಿ ಮುಗಿದ ಕೂಡಲೇ ಮರಳಿ ಹಾಜರಾಗಿ ಬಾಂಡ್‌ನಲ್ಲಿ ಒಪ್ಪಿದಷ್ಟು ಕಾಲ ಸೇವೆ ಸಲ್ಲಿಸಿದರೆ, ಈ ರಜೆ ನಿವೃತ್ತಿ ಸೌಲಭ್ಯಗಳಿಗೆ ಸೇವೆಯೆಂದೇ ಗಣನೆಗೆ ಬರುತ್ತದೆ.

ಅಸಾಧಾರಣ ರಜೆಯ ಸ್ವರೂಪ ಬೇರೆ. ಅದು ಸಾಮಾನ್ಯವಾಗಿ ವೇತನ ಬಡ್ತಿಗೆ ಲೆಕ್ಕವಾಗುವುದಿಲ್ಲ. ಆದರೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ, ಉನ್ನತ ವ್ಯಾಸಂಗಕ್ಕಾಗಿ, ಅಥವಾ ಬೋಧನಾ ಹುದ್ದೆಯ ಇಲ್ಲವೇ ಫೆಲೋಶಿಪ್‌ನ ಆಹ್ವಾನವನ್ನು ಒಪ್ಪಿಕೊಳ್ಳುವ ಸಲುವಾಗಿ ಪಡೆದಾಗ ವಿನಾಯಿತಿ ಇದೆ. ಆದ್ದರಿಂದ ಆ ದಾರಿಯಲ್ಲೇ ಹೋಗುವುದಾದರೂ ‘ವೈಯಕ್ತಿಕ ಕಾರಣ’ ಎಂದು ಅರ್ಜಿಯಲ್ಲಿ ಎಂದಿಗೂ ಬರೆಯಬೇಡಿ. ಫೆಲೋಶಿಪ್ ಪತ್ರವನ್ನು ಲಗತ್ತಿಸಿ, ರಜೆಯ ಉದ್ದೇಶವೂ ಅದು ವೇತನ ಬಡ್ತಿಗೆ ಪರಿಗಣಿತವಾಗುತ್ತದೆಂಬ ಮಾತೂ ಮಂಜೂರಾತಿ ಆದೇಶದಲ್ಲಿಯೇ ಬರುವಂತೆ ಕೋರಿ. ಲೆಕ್ಕಪರಿಶೋಧನೆಗೆ ಬಂದವರು ಓದುವುದು ಆದೇಶವನ್ನು. ಕುಲಸಚಿವರ ಕೊಠಡಿಯಲ್ಲಿ ಯಾರು ಬಾಯಿಮಾತಿನಲ್ಲಿ ಏನು ಹೇಳಿದ್ದರೆಂಬುದು ಅವರಿಗೆ ಬೇಕಿಲ್ಲ.

ಉತ್ತರ 2 (ವ್ಯಾಸಂಗ ರಜೆ ಮುಗಿಸಿ ಬಂದಿರುವ ಬೋಧಕ, ಮಂಡ್ಯ)

ಹಿರಿಯರ ಮಾತಿಗೆ ನನ್ನ ಅನುಭವದಿಂದ ಸ್ವಲ್ಪ ಸೇರಿಸುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದು ಅರ್ಜಿಯಲ್ಲ, ಬಾಂಡ್. ಮರಳಿ ಬಂದ ಮೇಲೆ ಕನಿಷ್ಠ ಮೂರು ವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸುವುದಾಗಿ ಬರೆದುಕೊಡಬೇಕು. ಅದಕ್ಕೆ ಭದ್ರತೆಯಾಗಿ ಸ್ಥಿರಾಸ್ತಿ, ವಿಮಾ ಕಂಪನಿಯ ಬಾಂಡ್, ಬ್ಯಾಂಕ್ ಖಾತರಿ ಅಥವಾ ಇಬ್ಬರು ಕಾಯಂ ಬೋಧಕರ ಜಾಮೀನು, ಇವುಗಳಲ್ಲಿ ಒಂದನ್ನು ನೀಡಬೇಕು. ನಮ್ಮಲ್ಲಿ ಬಹುತೇಕರು ಸಹೋದ್ಯೋಗಿಗಳ ಜಾಮೀನನ್ನೇ ನೆಚ್ಚಿಕೊಳ್ಳುತ್ತಾರೆ. ಆದರೆ ನೀವು ಮರಳದಿದ್ದರೆ ಹಣ ಕಟ್ಟುವ ಹೊಣೆ ಅವರ ಮೇಲೂ ಬೀಳುವುದರಿಂದ, ಸಹಿ ಹಾಕಲು ಹಿಂದೆಮುಂದೆ ನೋಡುವವರ ಮೇಲೆ ಬೇಸರಪಡುವಂತಿಲ್ಲ. ಇದನ್ನು ಈಗಲೇ ಕೇಳಿಟ್ಟುಕೊಳ್ಳಿ.

ಹೋದ ಮೇಲೆ ಪ್ರತಿ ಆರು ತಿಂಗಳಿಗೊಮ್ಮೆ ಮಾರ್ಗದರ್ಶಕರಿಂದ ಪ್ರಗತಿ ವರದಿ ಪಡೆದು ಕುಲಸಚಿವರಿಗೆ ಕಳುಹಿಸಬೇಕು. ತಡವಾದರೆ ರಜಾ ವೇತನವನ್ನು ತಡೆಹಿಡಿಯಬಹುದು. ಫೆಲೋಶಿಪ್‌ನ ಮೊತ್ತವನ್ನೂ ಮುಚ್ಚಿಡಬೇಡಿ, ಏಕೆಂದರೆ ರಜೆಯಲ್ಲಿ ಎಷ್ಟು ವೇತನ ಕೊಡಬೇಕೆಂಬುದನ್ನು ನಿರ್ಧರಿಸುವಾಗ ಅದನ್ನೂ ಗಮನಿಸುತ್ತಾರೆ. ಪ್ರಯೋಗಾಲಯದವರು ದಿನಾಂಕ ಮುಂದೂಡಿದರೆ ಇನ್ನೊಂದು ಎಚ್ಚರ ಬೇಕು: ಮಂಜೂರಾದ 12 ತಿಂಗಳೊಳಗೆ ಬಳಸದ ವ್ಯಾಸಂಗ ರಜೆ ತಾನಾಗಿ ರದ್ದಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು ಸರ್. ವ್ಯಾಸಂಗ ರಜೆಗೇ ಅರ್ಜಿ ಹಾಕುತ್ತೇನೆ. ಗಳಿಕೆ ರಜೆಯ ಮೇಲೆ ಮೊದಲೇ ಹೊರಡುವ ವಿಚಾರ ಮಾತ್ರ ಇನ್ನೂ ಸ್ಪಷ್ಟವಾಗಲಿಲ್ಲ.

ಉತ್ತರ 3 (ಬೋಧಕೇತರ ನೌಕರ, ಸಿಬ್ಬಂದಿ ಶಾಖೆ)

ಮೇಡಂ, ಗಳಿಕೆ ರಜೆಯನ್ನು ವ್ಯಾಸಂಗ ರಜೆಯೊಂದಿಗೆ ಜೋಡಿಸಲು ಅವಕಾಶವಿದೆ. ಆದರೆ ಜೋಡಿಸುವುದು ಬೇರೆ, ಮಂಜೂರಾತಿಗೆ ಮೊದಲೇ ವಿಮಾನ ಹತ್ತುವುದು ಬೇರೆ. ಯಾವ ರಜೆಯನ್ನೂ ಹಕ್ಕೆಂದು ಕೇಳುವಂತಿಲ್ಲ ಎಂಬುದು ರಜಾ ನಿಯಮಗಳ ಮೂಲ ತತ್ವ. ಗಳಿಕೆ ರಜೆ ಮುಗಿದ ದಿನಕ್ಕೂ ವ್ಯಾಸಂಗ ರಜೆಯ ಆದೇಶ ಬಾರದಿದ್ದರೆ, ಅಲ್ಲಿಂದ ಮುಂದಿನ ದಿನಗಳು ಅನಧಿಕೃತ ಗೈರುಹಾಜರಿಯಾಗುತ್ತವೆ. ಅದನ್ನು ಆಮೇಲೆ ಸಕ್ರಮಗೊಳಿಸುವುದು ನೀವು ಈಗ ತಪ್ಪಿಸಲು ನೋಡುತ್ತಿರುವ ವಿಳಂಬಕ್ಕಿಂತ ದೊಡ್ಡ ಕೆಲಸ. ಬೇಸಿಗೆ, ದಸರಾ ಎಂದು ದೀರ್ಘಾವಧಿ ರಜೆ ಅನುಭವಿಸುವ ಬೋಧಕರ ಖಾತೆಗೆ ಗಳಿಕೆ ರಜೆ ನಮ್ಮಷ್ಟು ಜಮೆಯಾಗುವುದೂ ಇಲ್ಲ. ನಮಗೆ ವರ್ಷಕ್ಕೆ 30 ದಿನಗಳು, ಜನವರಿ ಮತ್ತು ಜುಲೈನಲ್ಲಿ ತಲಾ 15ರಂತೆ ಸೇರುತ್ತವೆ. (ವ್ಯಾಸಂಗ ರಜೆಯ ಮೇಲಿನ ನಿಯಮಗಳು ಬೋಧಕರಿಗೆ ಸಂಬಂಧಿಸಿದವು, ಇದನ್ನು ಓದುವ ಬೋಧಕೇತರ ಮಿತ್ರರು ತಮಗೂ ಅನ್ವಯವೆಂದು ಭಾವಿಸಬಾರದು.)

ಅರ್ಜಿಯನ್ನು ವಿಭಾಗದ ಮುಖ್ಯಸ್ಥರ ಮೂಲಕವೇ ಕಳುಹಿಸಿ, ನಿಮ್ಮ ಪಾಠಗಳನ್ನು ಯಾರು ನಿರ್ವಹಿಸುತ್ತಾರೆಂಬ ಅವರ ಷರಾ ಇರುವಂತೆ ನೋಡಿಕೊಳ್ಳಿ. ಆ ಷರಾ ಇಲ್ಲದ ಕಡತವನ್ನು ನಾವು ಮೊದಲು ಹಿಂದಿರುಗಿಸುತ್ತೇವೆ. ವಿದೇಶ ಪ್ರಯಾಣದ ಅನುಮತಿಯನ್ನೂ ಅದರ ಜೊತೆಗೇ ಪ್ರತ್ಯೇಕ ಪತ್ರದಲ್ಲಿ ಕೇಳಿ.